ಸ್ವಂತ ವಾರ್ಡಿಲ್ಲದ ಬದಲಿ ಅಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಆಸ್ಪತ್ರೆಯ ಹಿಂಬಾಗಿಲಲ್ಲಿ ಹಾಲಿನ ಕ್ರೇಟುಗಳು ಇಳಿಯುತ್ತಿವೆ. ಪಾಳಿ ಮುಗಿಸಿದ ಕಾವಲುಗಾರ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತ ಕುರ್ಚಿಯಿಂದ ಏಳುತ್ತಿದ್ದಾನೆ. ಐವತ್ತು ದಾಟಿದ ಹೆಂಗಸೊಬ್ಬರು ಮೇಟ್ರನ್ ಕೋಣೆಯ ಬಾಗಿಲನ್ನು ಅರ್ಧ ತಳ್ಳಿ, ಹೆಗಲ ಚೀಲವನ್ನೂ ಇಳಿಸದೆ, ತಲೆ ಮಾತ್ರ ಒಳಗೆ ಹಾಕಿ ಕೇಳುತ್ತಾರೆ.

"ಇವತ್ತು ಎಲ್ಲಿಗೆ ಮೇಡಂ?"

"ಹಸುಗೂಸುಗಳ ಐಸಿಯು. ಅಲ್ಲಿ ಇಬ್ಬರು ಸಿಸ್ಟರ್ ಜ್ವರ ಅಂತ ಮಲಗಿದಾರೆ."

"ಸರಿ."

ಮಾತು ಅಷ್ಟೇ. ಅಕ್ಕ ಆಗಲೇ ಮೆಟ್ಟಿಲು ಹತ್ತುತ್ತಿದ್ದಾರೆ. ಮೇಲಿನ ಮಹಡಿಯ ಗಾಜಿನ ಬಾಗಿಲಾಚೆ ಚಪ್ಪಲಿ ಬದಲಾಗುತ್ತದೆ, ಬಳೆ ವಾಚು ಚೀಲ ಸೇರುತ್ತವೆ, ಮೊಣಕೈವರೆಗೆ ಸೋಪು ಏರುತ್ತದೆ. ಒಳಗಿನ ಉಸ್ತುವಾರಿ ಸಿಸ್ಟರ್ ಅಕ್ಕನ ಅರ್ಧ ವಯಸ್ಸಿನ ಹುಡುಗಿ. ಕಿಟಕಿ ಪಕ್ಕದ ಗಾಜಿನ ಪೆಟ್ಟಿಗೆ ತೋರಿಸಿ ಅವಳು ಪಿಸುಗುಟ್ಟುತ್ತಾಳೆ. "ಬದಲಿ ಅಕ್ಕ, ಇವನು ನಿಮ್ಮ ಪಾಲಿಗೆ. ಉಸಿರಾಡೋದು ಮರೀತಾನೆ. ಮಷೀನು ಕೂಗೋ ತನಕ ಕಾಯಬೇಡಿ, ಬಣ್ಣ ನೋಡ್ತಾ ಇರಿ. ತುಟಿ ಸುತ್ತ ನೀಲಿ ತಿರುಗಿದ್ರೆ ಅಂಗಾಲು ಸವರಿ. ಮೆತ್ತಗೆ."

"ಆಯ್ತಮ್ಮ," ಎನ್ನುತ್ತಾರೆ ಅಕ್ಕ, ಮೊದಲ ದಿನ ಶಾಲೆಗೆ ಬಂದವರ ಹಾಗೆ.

ಪೆಟ್ಟಿಗೆಯ ಕಿಂಡಿಯೊಳಗೆ ಕೈ ಹಾಕುವ ಮುಂಚೆ ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಒಳಗಿರುವ ಜೀವ ಒಂದು ಜೊತೆ ಕಾಲುಚೀಲ ಸುತ್ತಿಟ್ಟಷ್ಟಿದೆ. ಎದೆಗೂಡು ಏರಿಳಿಯುತ್ತ, ಏರಿಳಿಯುತ್ತ, ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಅಕ್ಕ ಗಾಬರಿಯಾಗುವುದಿಲ್ಲ. ಕಡಲೆಕಾಳಿನಷ್ಟು ಹಿಮ್ಮಡಿಯನ್ನು ಬೆರಳ ತುದಿಯಿಂದ ಸವರುತ್ತಾರೆ. "ಏಯ್ ರಾಜ, ಮರೆತೇಬಿಟ್ಯಾ? ಉಸಿರು ತಗೋ ನೋಡೋಣ." ಮಗು ಮುಖ ಕಿವಿಚಿ ದೊಡ್ಡದೊಂದು ಉಸಿರೆಳೆಯುತ್ತದೆ. ಬಾಗಿಲ ಬಳಿ ಗಾಲಿಕುರ್ಚಿಯಲ್ಲಿ ಕೂತ ಬಾಣಂತಿಯ ಮುಖ ಬಿಳುಚಿದೆ. ಅಕ್ಕ ತಿರುಗಿ ನಗುತ್ತಾರೆ. "ಬರೀ ಮರೆವು ತಾಯಿ. ಅವಸರ ಮಾಡ್ಕೊಂಡು ಬೇಗ ಬಂದುಬಿಟ್ಟಿದಾನಲ್ಲ, ಪಾಠ ಪೂರ್ತಿ ಆಗಿಲ್ಲ. ಇಲ್ಲಿ ಕಲೀತಾನೆ ಬಿಡಿ."

ನಾಳೆ ಇದೇ ಕೈ ಹೆರಿಗೆ ವಾರ್ಡಿನಲ್ಲಿರಬಹುದು, ಡಯಾಲಿಸಿಸ್ ಕೋಣೆಯಲ್ಲಿರಬಹುದು, ಆಪರೇಷನ್ ಥಿಯೇಟರಿನಲ್ಲಿರಬಹುದು. ಅದು ನಾಳೆ ಬೆಳಿಗ್ಗೆ ಯಾರಿಗೆ ಜ್ವರ, ಯಾರ ಮನೆಯಲ್ಲಿ ಮದುವೆ ಎನ್ನುವುದರ ಮೇಲೆ ನಿಂತಿದೆ. ಈ ದೊಡ್ಡ ಆಸ್ಪತ್ರೆಯಲ್ಲಿ ಪ್ರತಿ ನರ್ಸಿಗೂ ಒಂದು ವಾರ್ಡಿದೆ. ಇವರೊಬ್ಬರಿಗೆ ಇಲ್ಲ. ಎಲ್ಲಿ ಕೈ ಕಮ್ಮಿಯೋ ಅಲ್ಲಿಗೆ ಇವರು. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದು ನಡೆದು ಹೆಸರು ಯಾವಾಗಲೋ ಸವೆದುಹೋಗಿದೆ. ಡಾಕ್ಟರಿಂದ ಕಸ ಗುಡಿಸುವವರ ತನಕ ಎಲ್ಲರಿಗೂ ಇವರು ಬದಲಿ ಅಕ್ಕ.

ಹೀಗಾಗಬೇಕು ಎಂದು ಬಯಸಿ ಆದದ್ದಲ್ಲ. ತರಬೇತಿ ಮುಗಿಸಿ ಬಂದಾಗ ಎಲ್ಲರಂತೆ ಒಂದು ವಾರ್ಡಿನಲ್ಲಿ, ಎಲ್ಲರಂತೆ ಮೂರು ಪಾಳಿಯಲ್ಲಿ ದುಡಿಯುತ್ತಿದ್ದರು. ತಾಯಿ ತೀರಿಕೊಂಡ ಮೇಲೆ ತಂಗಿ ಇವರ ಮನೆಗೆ ಬಂದಳು. ಮೈ ಬೆಳೆದರೂ ಮನಸ್ಸು ಎಂಟು ಹತ್ತರ ಮಗುವಿನಲ್ಲೇ ನಿಂತ ತಂಗಿ. ಜೊತೆಗೆ ಫಿಟ್ಸು. ಯಾವ ಹೊತ್ತಿಗೆ, ಯಾವ ಮೂಲೆಯಲ್ಲಿ ಬೀಳುತ್ತಾಳೋ ಗೊತ್ತಿಲ್ಲ. ಹತ್ತು ನಿಮಿಷ ಒಬ್ಬಳನ್ನೇ ಬಿಡುವಂತಿಲ್ಲ. ಅಕ್ಕನ ಗಂಡನಿಗೆ ಪತ್ರಿಕೆ ಅಚ್ಚಾಗುವ ಪ್ರೆಸ್ಸಿನಲ್ಲಿ ಕೆಲಸ, ಅದು ರಾತ್ರಿಯದೇ. ಅವರು ನಸುಕಿಗೆ ಮನೆ ಸೇರುತ್ತಾರೆ. ಹಾಗಾಗಿ ಅಕ್ಕನಿಗೆ ಬೆಳಗಿನ ಪಾಳಿ ಬಿಟ್ಟರೆ ಬೇರೆ ದಾರಿಯಿಲ್ಲ.

ಆಗಿನ ಮೇಟ್ರನ್ ಎದುರು ನಿಂತು ಕೇಳಿದಾಗ ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರಂತೆ. "ನಿನಗೊಬ್ಬಳಿಗೇ ಬರೀ ಬೆಳಗಿನ ಪಾಳಿ ಕೊಟ್ರೆ ಆ ವಾರ್ಡಿನ ಉಳಿದವರು ನನ್ನ ಜುಟ್ಟು ಹಿಡೀತಾರೆ. ಒಂದು ಕೆಲಸ ಮಾಡು. ದಿನಾ ಬೆಳಿಗ್ಗೆ ಎಲ್ಲೋ ಒಂದು ಕಡೆ ಜನ ಕಮ್ಮಿ ಇದ್ದೇ ಇರುತ್ತೆ. ಎಲ್ಲಿ ಅಂದ್ರೆ ಅಲ್ಲಿ ಹೋಗ್ತೀಯಾ?"

"ಹೋಗ್ತೀನಿ ಅಂದೆ. ಏನಕ್ಕೆ ಹೂಂ ಅಂದೆ ಅಂತ ಆಮೇಲೆ ಗೊತ್ತಾಯ್ತು," ಎಂದು ಅಕ್ಕ ಬಾಯಿಗೆ ಸೆರಗು ಹಿಡಿದು ನಗುತ್ತಾರೆ.

ಅವರ ಸಂಸಾರವೂ ಆವತ್ತಿನಿಂದ ಬಾಗಿಲಲ್ಲೇ ನಡೆಯುತ್ತಿದೆ. ಗಂಡ ಒಳಗೆ ಬರುವ ಹೊತ್ತಿಗೆ ಹೆಂಡತಿ ಹೊರಗೆ. ಕೈಗೆ ಮಸಿ ಮೆತ್ತಿಕೊಂಡ ಆ ಮಿತಭಾಷಿ ಮನುಷ್ಯ ಹೊಸಿಲ ಮೇಲೆ ಕಾಲಿಡುತ್ತಲೇ, "ರಾತ್ರಿ ಚೆನ್ನಾಗಿ ಮಲಗಿದ್ಲಾ?" ಎಂದು ನಾದಿನಿಯನ್ನು ವಿಚಾರಿಸುತ್ತಾರೆ. "ಮಲಗಿದ್ಲು, ಮಾತ್ರೆ ಕೊಟ್ಟಿದೀನಿ, ಹಾಲು ಒಲೆ ಮೇಲಿದೆ," ಎಂದು ಅಕ್ಕ ಚಪ್ಪಲಿ ಮೆಟ್ಟುತ್ತಾರೆ. "ಇವಳ ಹತ್ರ ನಾನು ಇದುವರೆಗೆ ಆಡಿದ ಮಾತನ್ನೆಲ್ಲ ಸೇರಿಸಿದ್ರೂ ಪೇಪರಿನ ಒಂದು ಪುಟ ತುಂಬಲ್ಲ. ಜಗಳ ಆಡೋಕೆ ಪುರುಸೊತ್ತಾದ್ರೂ ಎಲ್ಲಿತ್ತು?" ಎನ್ನುವುದು ಅವರ ತಮಾಷೆ. ತಂಗಿ ಭಾವನ ಪಕ್ಕ ಕೂತು ಒಗೆದ ಬಟ್ಟೆ ಮಡಚುತ್ತಾಳೆ. ಮನೆಗೆ ಯಾರೇ ಬರಲಿ, ಹಣೆ ಮುಟ್ಟಿ ಜ್ವರ ನೋಡಿಯೇ ಒಳಗೆ ಬಿಡುತ್ತಾಳೆ. ತಾನೂ ನರ್ಸೇ ಎಂದು ಅವಳ ನಂಬಿಕೆ. ಮಧ್ಯಾಹ್ನ ಅಕ್ಕ ಬಂದ ಕೂಡಲೇ ಮೊದಲ ಪ್ರಶ್ನೆ, "ಇವತ್ತು ಯಾವ ವಾರ್ಡು?"

ಉತ್ತರ ದಿನಕ್ಕೊಂದು. ಹೊರಗಿನವರಿಗೆ ನರ್ಸ್ ಅಂದರೆ ಸೂಜಿ ಚುಚ್ಚುವವರು, ಮಾತ್ರೆ ಕೊಡುವವರು. ಒಳಗೆ ಕಾಲಿಟ್ಟರೆ ಒಂದೊಂದು ವಾರ್ಡೂ ಒಂದೊಂದು ಊರು ಎನ್ನುತ್ತಾರೆ ಅಕ್ಕ. ಮಾತು ಬೇರೆ, ನಡಿಗೆ ಬೇರೆ.

"ಥಿಯೇಟರಲ್ಲಿ ಸಿಸ್ಟರ್ ಕೆಲಸ ಎಣಿಸೋದು. ಹೊಟ್ಟೆ ಹೊಲಿಯೋ ಮುಂಚೆ ಒಳಗೆ ಇಟ್ಟ ಬಟ್ಟೆ ತುಂಡೆಲ್ಲ ಲೆಕ್ಕಕ್ಕೆ ಬರಬೇಕು. ಒಂದು ಕಮ್ಮಿ ಅಂತ ಅವಳು ಅಂದ್ರೆ ಎಂಥ ದೊಡ್ಡ ಸರ್ಜನ್ನೂ ಕೈ ನಿಲ್ಲಿಸ್ತಾರೆ. ಅಲ್ಲಿಂದ ಹೆರಿಗೆ ವಾರ್ಡಿಗೆ ಹೋದ್ರೆ ಅಲ್ಲಿ ಬೈಗುಳ ತಿನ್ನೋದೂ ಡ್ಯೂಟಿನೇ. ನೋವಲ್ಲಿ ಗಂಡನ್ನ ಬಿಟ್ಟು ನಮ್ಮನ್ನ ಬೈತಾರೆ, ಮಗು ಬಂದ ಮೇಲೆ ಕೈ ಹಿಡ್ಕೊಂಡು ಅಳ್ತಾರೆ. ಡಯಾಲಿಸಿಸ್ಸಲ್ಲಿ ವಾರಕ್ಕೆ ಮೂರು ಸಲ ಅದೇ ಜನ, ವರ್ಷಗಟ್ಟಲೆ. ಅಲ್ಲಿನ ಸಿಸ್ಟರಿಗೆ ಅವರ ರಕ್ತನಾಳವೂ ಗೊತ್ತು, ಸೊಸೆ ಜೊತೆ ಯಾಕೆ ಮುನಿಸು ಅಂತಲೂ ಗೊತ್ತು. ಮಾನಸಿಕ ವಾರ್ಡಿನ ಬ್ರದರ್ ಒಬ್ಬರಿದಾರೆ, ಅವರ ಕೈಯಲ್ಲಿ ಏನೂ ಇರಲ್ಲ. ಕುರ್ಚಿ ಎಳ್ಕೊಂಡು ಪಕ್ಕದಲ್ಲಿ ಕೂತ್ಕೋತಾರೆ. ಒಂದು ಗಂಟೆ ಆ ಕಡೆಯವರು ಮಾತಾಡದೇ ಇದ್ರೂ ಕೂತೇ ಇರ್ತಾರೆ. ನನಗೆ ಅದು ಎಲ್ಲಕ್ಕಿಂತ ಕಷ್ಟ. ನನ್ನ ಬಾಯಿ ಸುಮ್ಮನಿರಲ್ಲ."

ಇಷ್ಟೆಲ್ಲ ಊರು ತಿರುಗಿದರೂ ಯಾವ ಊರಿನಲ್ಲೂ ಅಕ್ಕ ಜಾಣೆಯಲ್ಲ. ಅದನ್ನು ಅವರೇ ಹೇಳುತ್ತಾರೆ, ಬೇಸರವಿಲ್ಲದೆ. ಅಲ್ಲಲ್ಲೇ ಪಳಗಿದವರ ಕೈ ಬೇರೆ, ತಮ್ಮ ಕೈ ಬೇರೆ. ಹಾಗಾಗಿ ಪ್ರತಿ ದಿನ ಕಿರಿಯರ ಹತ್ತಿರ ಕೇಳಿ ಕೇಳಿ ಕೆಲಸ. ಕೆಲವರು ಪ್ರೀತಿಯಿಂದ ಹೇಳಿಕೊಡುತ್ತಾರೆ, ಕೆಲವರು ಮುಖ ಸಿಂಡರಿಸುತ್ತಾರೆ. ಒಮ್ಮೆ ರೋಗಿಯ ಕಡೆಯವರೊಬ್ಬರು, "ಬದಲಿಯವರು ಬೇಡ, ಇಲ್ಲಿಯವರನ್ನೇ ಕಳಿಸಿ," ಎಂದು ಮುಖದ ಮೇಲೆ ಹೊಡೆದಂತೆ ಹೇಳಿದ್ದರು. ವರ್ಷಕ್ಕೊಮ್ಮೆ ಪ್ರತಿ ವಾರ್ಡಿನವರೂ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕಾರಿಡಾರಿನ ಗೋಡೆಯುದ್ದಕ್ಕೂ ಆ ಫೋಟೋಗಳಿವೆ. ಅಕ್ಕ ಯಾವುದರಲ್ಲೂ ಇಲ್ಲ. ಬೀರು ಇಲ್ಲ, ಕುರ್ಚಿ ಇಲ್ಲ. ಊಟದ ಡಬ್ಬಿ ಇಡಲು ಗೊತ್ತಾದ ಜಾಗವಿಲ್ಲದೆ ಎಲ್ಲೆಲ್ಲೋ ಮರೆತು ಬರುತ್ತಾರೆ. "ಈ ಆಸ್ಪತ್ರೇಲಿ ನನ್ನ ಡಬ್ಬಿ ಇಲ್ಲದ ವಾರ್ಡಿಲ್ಲ," ಎಂದು ನಗುತ್ತಾರೆ.

ನಗುವಿನ ಹಿಂದೆ ಒಂದು ನೋವಿದೆ. ಅದು ಫೋಟೋದ್ದಲ್ಲ. ಒತ್ತಾಯಿಸಿ ಕೇಳಿದರೆ ಬೇಕರಿಯವರ ಕಥೆ ಹೇಳುತ್ತಾರೆ.

ಎರಡು ವರ್ಷದ ಹಿಂದಿನ ಮಾತು. ಆವತ್ತು ಅಕ್ಕನಿಗೆ ತುರ್ತು ವಿಭಾಗದಲ್ಲಿ ಕೆಲಸ. ಪಾಳಿ ಆರಂಭವಾಗುತ್ತಿದ್ದಂತೆ ಆಂಬುಲೆನ್ಸ್ ಬಂತು. ಬೇಕರಿಯ ಒಲೆ ಹಚ್ಚುವಾಗ ಸೋರಿದ ಗ್ಯಾಸಿಗೆ ಬೆಂಕಿ ತಗುಲಿ, ಬನ್ನು ಸುಡುವ ಯುವಕನ ಮುಖ, ಕತ್ತು, ಎರಡೂ ಕೈ ಬೆಂದುಹೋಗಿತ್ತು. ಆಶ್ಚರ್ಯವೆಂದರೆ ಆತ ಮಾತಾಡುತ್ತಿದ್ದ. ಸುಟ್ಟ ಗಂಟಲು ಊದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಊದಿಕೊಂಡರೆ ಉಸಿರಿನ ದಾರಿಯೇ ಮುಚ್ಚುತ್ತದೆ. ಅದಕ್ಕೆ ಮುಂಚೆ ಮಂಪರು ಬರಿಸಿ ಗಂಟಲಿಗೆ ಕೊಳವೆ ಇಳಿಸಬೇಕು. ಆಮೇಲೆ ಮಾತಿಲ್ಲ. ಡಾಕ್ಟರು ಔಷಧ ತುಂಬಿಕೊಳ್ಳುತ್ತಿದ್ದ ಆ ಎರಡು ನಿಮಿಷದಲ್ಲಿ ಅಲ್ಲಿನ ಹಿರಿಯ ಸಿಸ್ಟರ್ ಅಕ್ಕನಿಗೆ ಸನ್ನೆ ಮಾಡಿದರು: ಅವನ ಹತ್ತಿರ ಹೋಗು, ಕೇಳು.

ಅಕ್ಕ ಬಗ್ಗಿ ಕೇಳಿದರು. "ತಮ್ಮಾ, ಈಗ ನಿದ್ದೆ ಬರಿಸ್ತಾರೆ. ಸ್ವಲ್ಪ ದಿನ ಮಾತಾಡೋಕಾಗಲ್ಲ. ಮನೆಯವರಿಗೆ ಏನಾದ್ರೂ ಹೇಳ್ಬೇಕಾ?"

ಆತ ಕಣ್ಣು ಅತ್ತಿತ್ತ ಆಡಿಸಿದ. "ಮಗಳದು... ಪುಟ್ಟಿ ಸ್ಕೂಲ್ ಶೂ... ಹರಿದಿತ್ತು. ಬಸ್ ಸ್ಟ್ಯಾಂಡ್ ಹತ್ರ ಹೊಲಿಯೋಕೆ ಕೊಟ್ಟಿದೀನಿ. ಸಂಜೆ ಇಸ್ಕೋಬೇಕು. ಮರೀಬೇಡಿ ಅಂತ ಹೇಳಿ."

"ಅಷ್ಟೇ ಹೇಳಿದ್ದು," ಎನ್ನುವಾಗ ಅಕ್ಕನ ದನಿ ತಗ್ಗುತ್ತದೆ. "ಮುಖ ಕೈ ಎಲ್ಲ ಬೆಂದಿದೆ. ಬದುಕ್ತೀನಾ ಅಂತ ಕೇಳಲಿಲ್ಲ. ಶೂ ಅಂದ."

ಮಧ್ಯಾಹ್ನ ಪಾಳಿ ಮುಗಿದ ಮೇಲೆ ಅಕ್ಕ ಆತನ ಹೆಂಡತಿಯನ್ನು ಹುಡುಕಿಕೊಂಡು ಹೋದರು. ಆಕೆ ಐಸಿಯು ಹೊರಗಿನ ಬೆಂಚಿನಲ್ಲಿ ಕಲ್ಲಿನಂತೆ ಕೂತಿದ್ದಳು. ಸಂಗತಿ ಕೇಳಿದ್ದೇ, "ಅಯ್ಯೋ, ಇವರಿಗೆ ಈಗಲೂ ಅದೇ ಚಿಂತೆಯಾ!" ಎಂದು ಮೊದಲು ನಕ್ಕಳು. ಆಮೇಲೆ, ಬೆಳಗಿನಿಂದ ಬಾರದಿದ್ದ ಅಳು ಬಂತು. ಅಕ್ಕ ಆಕೆಯ ತಲೆಯನ್ನು ಹೆಗಲಿಗೆ ಆನಿಸಿಕೊಂಡು ಕೂತರು. ಆವತ್ತು ಮನೆ ಸೇರಿದ್ದು ತಡವಾಗಿ. ನಿದ್ದೆಗೆಟ್ಟ ಗಂಡ ಎದ್ದು ಅನ್ನ ಬಡಿಸಿದರು.

ಮೂರು ವಾರದ ಬಳಿಕ ಐಸಿಯುನಲ್ಲಿ ಜನ ಕಮ್ಮಿಯಾಯಿತು. ಅಕ್ಕನಿಗೆ ಸಿಕ್ಕಿದ್ದು ಅದೇ ಬೇಕರಿಯವರ ಹಾಸಿಗೆ. ಆತನಿಗಿನ್ನೂ ಮಂಪರು, ಇನ್ನೂ ಕೊಳವೆ. ಅಲ್ಲಿನ ಸಿಸ್ಟರುಗಳದು ಬೇರೆಯೇ ಶಿಸ್ತು. ಆಗಾಗ ಮಗ್ಗುಲು ಬದಲಿಸಬೇಕು, ಬಾಯಿ ಒರೆಸಬೇಕು, ರೆಪ್ಪೆ ಮುಚ್ಚದ ಕಣ್ಣು ಒಣಗದಂತೆ ಹನಿ ಹಾಕಬೇಕು. ಎಲ್ಲದಕ್ಕೂ ಮುಂಚೆ, ಏನು ಮಾಡುತ್ತಿದ್ದೇವೆ ಎಂದು ರೋಗಿಗೆ ಹೇಳಬೇಕು. "ಕೇಳಿಸಲ್ಲ ಅಂತ ಯಾವತ್ತೂ ಅಂದ್ಕೋಬೇಡಿ ಅಕ್ಕ," ಎಂದಳು ಪಕ್ಕದ ಹಾಸಿಗೆಯ ಸಿಸ್ಟರ್. ಸರಿ, ಅಕ್ಕ ಕಿವಿಯ ಬಳಿ ಬಗ್ಗಿ ಹೇಳಿದರು. "ಶೂ ತಂದಾಯ್ತಪ್ಪ. ಪುಟ್ಟಿ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದಾಳೆ."

ಆತ ರೆಪ್ಪೆ ಮಿಟುಕಿಸಿದನೇ? ಬೆರಳು ಅಲುಗಿತೇ? "ಏನೂ ಇಲ್ಲ. ಸಿನಿಮಾನಾ ಅದು? ಹೇಳ್ದೆ, ಮಗ್ಗುಲು ಬದಲಿಸ್ದೆ, ಮುಂದಿನ ಕೆಲಸಕ್ಕೆ ಹೋದೆ."

ಮಾರನೇ ದಿನ ಬೇರೆ ವಾರ್ಡು, ಅದರ ಮಾರನೇ ದಿನ ಇನ್ನೊಂದು. ಚರ್ಮ ಕಸಿಯಾದ ಸುದ್ದಿ, ಕೊಳವೆ ತೆಗೆದ ಸುದ್ದಿ ಕ್ಯಾಂಟೀನಿನಲ್ಲಿ ಕಿವಿಗೆ ಬಿದ್ದವು. ಸುಟ್ಟಗಾಯದ ವಾರ್ಡಿಗೆ ಅಕ್ಕನ ಸರದಿ ಬರುವ ಹೊತ್ತಿಗೆ ಎರಡು ತಿಂಗಳೇ ಕಳೆದಿತ್ತು. ಆತ ಎದ್ದು ಕೂತಿದ್ದ. ಮುಖದ ಒಂದು ಭಾಗ ಎಳೆದು ಹೊಲಿದಂತಿತ್ತು. ಗಂಟಲಿಗೂ ಪೆಟ್ಟಾಗಿ ದನಿ ಗೊಗ್ಗರಾಗಿತ್ತು.

ಆ ವಾರ್ಡಿನ ಉಸ್ತುವಾರಿ ಸಿಸ್ಟರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ದಪ್ಪ ಮೈ, ಬೆಣ್ಣೆಯಂಥ ಕೈ. ಗಾಯಕ್ಕೆ ಅಂಟಿದ ಬಟ್ಟೆಯನ್ನು ಅವರು ಕೀಳುವುದಿಲ್ಲ. ಉಪ್ಪುನೀರು ಬಿಟ್ಟು ಬಿಟ್ಟು, ಅದು ತಾನಾಗಿ ಬಿಡುವ ತನಕ ಕಾಯುತ್ತಾರೆ. ಕಾಯುವಾಗ ಏನಾದರೊಂದು ಹರಟೆ. ಅಕ್ಕ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಹರಟೆ ಮಗಳತ್ತ ತಿರುಗಿತು.

"ಅವಳನ್ನ ಕರ್ಕೊಂಡು ಬರಬೇಡಿ ಅಂದಿದೀನಿ," ಎಂದ ಆತ. "ಅಪ್ಪ ಬೇರೆ ಊರಿಗೆ ಕೆಲಸಕ್ಕೆ ಹೋಗಿದಾರೆ ಅಂತ ಮನೇಲಿ ಹೇಳಿದಾರೆ. ಹಾಗೇ ಇರ್ಲಿ. ಈ ಮುಖ ನೋಡಿ ಹೆದರ್ಕೋತಾಳೆ. ಫೋನಲ್ಲಿ ಮಾತಾಡೋಣ ಅಂದ್ರೆ ದನಿನೂ ನನ್ನದಲ್ಲ."

ದೊಡ್ಡಮ್ಮ ಬಟ್ಟೆಗೆ ಇನ್ನಷ್ಟು ಉಪ್ಪುನೀರು ಬಿಟ್ಟರು. ಅಕ್ಕ ತಟ್ಟೆಯನ್ನು ಹತ್ತಿರಕ್ಕೆ ಹಿಡಿದರು.

ಮಧ್ಯಾಹ್ನ ಮೆಟ್ಟಿಲಲ್ಲಿ ಆತನ ಹೆಂಡತಿ ಸಿಕ್ಕಳು. ಐಸಿಯು ಹೊರಗಿನ ಬೆಂಚಿನಲ್ಲಿ ಒಟ್ಟಿಗೆ ಕೂತ ಆ ದಿನದಿಂದ ಆಕೆಗೆ ಅಕ್ಕನ ಗುರುತು ಚೆನ್ನಾಗಿತ್ತು. ಸುತ್ತ ಯಾರಿಲ್ಲದ್ದು ನೋಡಿ ಹೇಳಿಕೊಂಡಳು. "ನಿನ್ನೆ ರಾತ್ರಿ ಪುಟ್ಟಿ ಏನು ಕೇಳಿದ್ಲು ಗೊತ್ತಾ ಸಿಸ್ಟರ್? ನಾನು ಶೂ ಹರ್ಕೊಂಡು ಬಂದೆ ಅಂತ ಅಪ್ಪ ಸಿಟ್ಟು ಮಾಡ್ಕೊಂಡು ಹೋದ್ರಾ ಅಂತ. ಇನ್ಮೇಲೆ ಓಡಲ್ಲ, ಆಡಲ್ಲ, ನಡೆದೇ ಹೋಗ್ತೀನಿ, ಬರೋಕೆ ಹೇಳು ಅಂತಾಳೆ. ಏನು ಹೇಳ್ಲಿ? ಅವರಿಗೆ ಇದನ್ನ ಹೇಳೋಕೆ ನನಗೆ ಧೈರ್ಯ ಇಲ್ಲ."

ಅಕ್ಕ ಮನೆಗೆ ಹೊರಟವರು ನಿಂತರು. ತಾವಾಗಿ ಏನೂ ಮಾಡಲಿಲ್ಲ, ಅದನ್ನು ಒತ್ತಿ ಹೇಳುತ್ತಾರೆ. ನೇರ ಮಾನಸಿಕ ವಾರ್ಡಿಗೆ ಹೋಗಿ ಬ್ರದರನ್ನು ಕೇಳಿದರು. ಬ್ರದರ್ ಎಂದಿನಂತೆ ಪೂರ್ತಿ ಕೇಳಿಸಿಕೊಂಡು ನಿಧಾನಕ್ಕೆ ಹೇಳಿದರು: ಮೊದಲು ತಂದೆಗೆ ನಿಜ ಗೊತ್ತಾಗಲಿ, ಒತ್ತಾಯ ಬೇಡ. ಒಪ್ಪಿದರೆ ಮಗುವಿಗೆ ಮುಂಚೆಯೇ ಫೋಟೋ ತೋರಿಸಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ. ಎಷ್ಟು ಹತ್ತಿರ ಬರಬೇಕು ಅನ್ನುವುದನ್ನು ಮಗುವೇ ನಿರ್ಧರಿಸಲಿ. ತಬ್ಬಿಕೋ, ಮುತ್ತು ಕೊಡು ಅಂತ ಯಾರೂ ಅನ್ನಬಾರದು. ಇಬ್ಬರ ಕೈಗೂ ಏನಾದರೂ ಕೆಲಸವಿರಲಿ.

ಅದೃಷ್ಟಕ್ಕೆ ಮಾರನೇ ದಿನವೂ ಅಕ್ಕನಿಗೆ ಸುಟ್ಟಗಾಯದ ವಾರ್ಡೇ ಸಿಕ್ಕಿತು. ದೊಡ್ಡಮ್ಮನೊಡನೆ ಮಾತಾಡಿಕೊಂಡು, ಡ್ರೆಸ್ಸಿಂಗ್ ಮುಗಿದು ಆತ ಸುಧಾರಿಸಿಕೊಂಡ ಮೇಲೆ, ಹಾಸಿಗೆಯ ಪಕ್ಕ ಕುರ್ಚಿ ಎಳೆದು ಕೂತರು.

"ನೋಡಪ್ಪ, ಒಂದು ಮಾತು ಹೇಳ್ತೀನಿ, ಬೇಜಾರಾಗುತ್ತೆ. ಪುಟ್ಟಿಗೆ ನಿನ್ನ ಮುಖದ ಭಯ ಇಲ್ಲ, ಅವಳು ಅದನ್ನ ನೋಡೇ ಇಲ್ಲವಲ್ಲ. ಶೂ ಹರಿದಿದ್ದಕ್ಕೆ ಅಪ್ಪ ಬಿಟ್ಟು ಹೋದ ಅಂದ್ಕೊಂಡಿದಾಳೆ."

ಆತ ಮುಖವನ್ನು ಗೋಡೆಯತ್ತ ತಿರುಗಿಸಿದ. ಕೊನೆಗೆ ಕೇಳಿದ್ದು ಇಷ್ಟು. "ಅವಳು ಓಡೋದು ಬಿಟ್ಟಿದಾಳಾ?"

"ಬಿಟ್ಟಿದಾಳಂತೆ."

"ಕರ್ಕೊಂಡು ಬನ್ನಿ ಸಿಸ್ಟರ್."

ದಿನ ಗೊತ್ತಾಯಿತು. ಫೋಟೋ ತೆಗೆದರು. ಬೆರಳು ಬಗ್ಗಿಸಲು ಕಲಿಸುವ ವ್ಯಾಯಾಮದವರು ಮೈದಾ ಹಿಟ್ಟು ತರಿಸಿದರು. ಹೇಗೂ ಆತನ ಬೆರಳಿಗೆ ನಾದುವ ಅಭ್ಯಾಸ ಬೇಕಿತ್ತು, ನಾದುವುದೇ ಆತನ ಕಸುಬಾಗಿತ್ತು. "ಸಿಸ್ಟರ್, ನೀವು ಇರ್ತೀರಲ್ಲ?" ಎಂದು ಆತ ಎರಡು ಸಲ ಕೇಳಿದ. "ಇರ್ತೀನಪ್ಪ," ಎಂದರು ಅಕ್ಕ.

ಆ ದಿನ ಬೆಳಿಗ್ಗೆ ಮೇಟ್ರನ್ ಕೋಣೆಯ ಬಾಗಿಲಲ್ಲಿ ನಿಂತು ಅಕ್ಕ ಮೊದಲ ಬಾರಿಗೆ, "ಎಲ್ಲಿಗೆ?" ಎಂದು ಕೇಳಲಿಲ್ಲ. "ಮೇಡಂ, ಇವತ್ತು ಸುಟ್ಟಗಾಯದ ವಾರ್ಡು ಕೊಡ್ತೀರಾ?" ಎಂದರು. ಮೇಟ್ರನ್ ತಲೆ ಎತ್ತಿದರು. ವಿಷಯ ಅವರಿಗೂ ಗೊತ್ತಿತ್ತು. ಆದರೆ ಡಯಾಲಿಸಿಸ್‌ನಲ್ಲಿ ಒಟ್ಟಿಗೆ ಮೂವರು ರಜೆ, ರೋಗಿಗಳು ಆಗಲೇ ಬಂದು ಕಾಯುತ್ತಿದ್ದಾರೆ. ಒಂದು ದಿನ ತಪ್ಪಿದರೆ ಅವರ ರಕ್ತದಲ್ಲಿ ವಿಷ ಏರುತ್ತದೆ. "ಏನು ಮಾಡ್ಲಿ ಹೇಳು, ನೀನೇ ಹೇಳು," ಎಂದರು ಮೇಟ್ರನ್, ದನಿಯಲ್ಲಿ ನಿಜವಾದ ಸಂಕಟವಿತ್ತು. ಅಕ್ಕ ನೇರ ಡಯಾಲಿಸಿಸ್ ಕೋಣೆಗೆ ಹೋದರು. ಯಂತ್ರಕ್ಕೆ ಜೋಡಿಸಿದ ರೋಗಿಯನ್ನು ನಡುವೆ ಬಿಟ್ಟು ಕದಲುವಂತಿಲ್ಲ. ಕೆಳಗಿನ ಮಹಡಿಯಲ್ಲಿ ಪುಟ್ಟಿ ಬಂದಿರಬೇಕು ಎಂದುಕೊಳ್ಳುತ್ತ ಒಬ್ಬ ಮುದುಕರ ರಕ್ತದೊತ್ತಡ ನೋಡಿದರು, ಇನ್ನೊಬ್ಬರ ಕಾಲಿನ ಸೆಳೆತಕ್ಕೆ ಮೀನಖಂಡ ನೀವಿದರು. ಆ ಬೆಳಿಗ್ಗೆ ಗಡಿಯಾರ ನಿಂತುಹೋಗಿದೆಯೇನೋ ಅನ್ನಿಸಿತಂತೆ.

ಮಧ್ಯಾಹ್ನ ದೊಡ್ಡಮ್ಮ ಕ್ಯಾಂಟೀನಿನಲ್ಲಿ ಅಕ್ಕನಿಗಾಗಿಯೇ ಕಾದಿದ್ದರು. ಟೀ ಆರಿಹೋಗಿತ್ತು. ಅವರು ಹೇಳಿದ್ದು ಹೀಗೆ. ಪುಟ್ಟಿ ಬಾಗಿಲಲ್ಲಿ ನಿಂತಳು. ಬಹಳ ಹೊತ್ತು ನಿಂತೇ ಇದ್ದಳು. ಅಪ್ಪ ತಲೆ ಎತ್ತದೆ ಹಿಟ್ಟು ನಾದುತ್ತಿದ್ದ. "ನೋವಾಗುತ್ತಾ?" ಎಂದಳು. "ಈಗ ಕಮ್ಮಿ," ಎಂದ. ಆ ಗೊಗ್ಗರು ದನಿಗೆ ಒಂದು ಹೆಜ್ಜೆ ಹಿಂದೆ ಹೋದಳು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದಳು. "ಅಪ್ಪಾ, ಸಿಟ್ಟು ಹೋಯ್ತಾ?" "ಸಿಟ್ಟೇ ಇರಲಿಲ್ಲ ಪುಟ್ಟಿ. ಬೆಂಕಿ ಹತ್ಕೊಳ್ತು, ಅಷ್ಟೇ." ಅವಳು ಯೋಚಿಸಿ, ಒಂದು ಕಾಲು ಮುಂದೆ ಚಾಚಿ ತೋರಿಸಿದಳು. "ಹಾಗಾದ್ರೆ ಹೇಳ್ತೀನಿ. ಇದು ಮತ್ತೆ ಹರಿದಿದೆ." ಆತ ನಕ್ಕ. ಹೊಸ ಚರ್ಮ ಎಳೆದು ನೋವಾಗಿ, "ಅಮ್ಮಾ," ಎಂದು ಕೂಗಿ, ಮತ್ತೆ ನಕ್ಕ. ಆಮೇಲೆ ಹಿಟ್ಟಿನ ಒಂದು ತುದಿ ಅವಳ ಕೈಗೆ ಬಂತು.

ಅಕ್ಕ ಕೇಳಿಸಿಕೊಂಡು, "ಇನ್ನೊಂದು ಸಲ ಹೇಳಿ," ಎಂದರಂತೆ. ದೊಡ್ಡಮ್ಮ ಮೊದಲಿಂದ ಮತ್ತೆ ಹೇಳಿದರು.

"ಖುಷಿ ಆಯ್ತು. ಆದ್ರೆ ನಾನಿರಲಿಲ್ಲ," ಎನ್ನುತ್ತಾರೆ ಅಕ್ಕ. "ಅವನಿಗೆ ಮಾತು ಕೊಟ್ಟಿದ್ದೆ. ನನ್ನ ಕೆಲಸನೇ ಹಾಗೆ. ಎಲ್ಲರ ಕಥೆನೂ ನಡುವೆ ಓದಿ ಮುಚ್ಚಿಡೋದು. ಆ ಉಸಿರು ಮರೆಯೋ ಮಗು ಮನೆಗೆ ಹೋಗೋದನ್ನೂ ನಾನು ನೋಡಲ್ಲ. ಯಾರೋ ಹೇಳ್ತಾರೆ, ಕೇಳ್ತೀನಿ."

ಬೇಕರಿಯವರು ವಾಸಿಯಾಗಿ ಮನೆ ಸೇರಿದ್ದಾರೆ. ಬೇಕರಿಯಲ್ಲಿ ಈಗ ಒಲೆಯ ಹತ್ತಿರ ಹೋಗುವುದಿಲ್ಲ, ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ. ಸುಟ್ಟಗಾಯದ ವಾರ್ಡಿಗೆ ಹೊಸಬರು ಬಂದು ಕನ್ನಡಿ ನೋಡಲು ಹೆದರಿದಾಗ ದೊಡ್ಡಮ್ಮ ಬೇಕರಿಯವರಿಗೆ ಫೋನ್ ಮಾಡುತ್ತಾರೆ. ಅವರು ಬಂದು ಎದುರು ಕೂತು ಹೋಗುತ್ತಾರೆ.

ಈ ವರ್ಷ ಆಸ್ಪತ್ರೆಯಲ್ಲಿ ಹೊಸ ಪದ್ಧತಿ ಬಂದಿದೆ. ಪ್ರತಿ ನರ್ಸೂ ಒಂದೇ ವಿಭಾಗದಲ್ಲಿ ವಿಶೇಷ ತರಬೇತಿ ಪಡೆದು ಅಲ್ಲೇ ಇರಬೇಕು. ಬದಲಿ ಎನ್ನುವ ಹುದ್ದೆ ಇನ್ನಿಲ್ಲ. ಅಕ್ಕನಿಗೆ ಬೆಳಗಿನ ಪಾಳಿಯ ವಿನಾಯಿತಿ ಉಳಿಸಿಕೊಟ್ಟ ಮೇಟ್ರನ್, "ಯಾವ ವಾರ್ಡು ಬೇಕೋ ಆರಿಸ್ಕೋ," ಎಂದಿದ್ದಾರೆ. ಸುದ್ದಿ ಹರಡಿದ್ದೇ ತಡ, ಅಕ್ಕನಿಗೆ ಉಪಚಾರ ಶುರು. ದೊಡ್ಡಮ್ಮ ಒಂದು ಬೀರು ಖಾಲಿ ಮಾಡಿಸಿ ಬೀಗದ ಕೈ ತಂದು ಕೊಟ್ಟರು. ಡಯಾಲಿಸಿಸ್‌ನ ರೋಗಿಗಳು ಸಹಿ ಹಾಕಿದ ಮನವಿ ಮೇಟ್ರನ್ ಮೇಜಿಗೆ ಬಂತು. ಹೆರಿಗೆ ವಾರ್ಡಿನವರು ಮರೆತ ಡಬ್ಬಿಗಳನ್ನೆಲ್ಲ ತೊಳೆದು ಜೋಡಿಸಿ, "ಇಲ್ಲೇ ಇದ್ರೆ ಇವೂ ಇಲ್ಲೇ ಇರ್ತವೆ," ಎಂದು ಆಸೆ ತೋರಿಸಿದರು.

ಮನೆಯಲ್ಲಿ ಕೇಳಿದರೆ ಗಂಡ, "ನಿನಗೆ ಎಲ್ಲಿ ನಿದ್ದೆ ಕೆಡಲ್ವೋ ಅಲ್ಲಿಗೆ ಹೋಗು," ಎಂದರು. ತಂಗಿ ಅಳುವಂತಾದಳು. ಒಂದೇ ವಾರ್ಡಾದರೆ ದಿನಾ ಕೇಳುವುದೇನು?

ಅಕ್ಕ ಆರಿಸಿಕೊಂಡದ್ದು ಯಾರೂ ಎಣಿಸದ ಜಾಗ. ವಾಸಿಯಾಗದ ಕಾಯಿಲೆಯವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ವಿಭಾಗವೊಂದು ಹೊಸದಾಗಿ ಆರಂಭವಾಗಿದೆ. ಒಂದು ಸಣ್ಣ ವ್ಯಾನು, ಒಬ್ಬ ಡಾಕ್ಟರು, ಇಬ್ಬರು ನರ್ಸು. ಕಳೆದ ವಾರ ನೋಡಿ ಬರೋಣ ಎಂದು ಅಕ್ಕ ವ್ಯಾನು ಹತ್ತಿದ್ದರು. ಕಿರಿದಾದ ಮೆಟ್ಟಿಲಿನ ಎರಡನೇ ಮಹಡಿಯ ಮನೆ. ಮಂಚದ ಮೇಲೆ ಒಂದು ಕಾಲದಲ್ಲಿ ಬಸ್ ಓಡಿಸುತ್ತಿದ್ದ ಮುದುಕರು, ಮೂಳೆಯ ತನಕ ಹರಡಿದ ನೋವು. ಆ ವಿಭಾಗದ ಸಿಸ್ಟರ್ ನೋವಿನ ಔಷಧದ ಹೊತ್ತನ್ನು ಮತ್ತೆ ಹೊಂದಿಸಿದಳು, ಒಣಗಿದ ಬಾಯಿಯನ್ನು ಹೇಗೆ ಒದ್ದೆ ಮಾಡಬೇಕೆಂದು ಅವರ ಹೆಂಡತಿಗೆ ತೋರಿಸಿದಳು. ಹೊರಡುವ ಮುಂಚೆ, "ಅಜ್ಜ, ಇನ್ನೇನು ಬೇಕು?" ಎಂದು ಕೇಳಿದಳು. ಮುದುಕರು ಕಿಟಕಿಯತ್ತ ಕಣ್ಣು ಹಾಯಿಸಿದರು. ಎಲ್ಲರೂ ಸೇರಿ ಮಂಚ ತಿರುಗಿಸಿದರು. ಕೆಳಗೆ ರಸ್ತೆಯಲ್ಲಿ ಬಸ್ಸು ಹೋಗುತ್ತಿತ್ತು. "ಗೇರ್ ತಡವಾಗಿ ಬದಲಿಸ್ತಾನೆ ಇವನು," ಎಂದರು ಮುದುಕರು, ಸಮಾಧಾನದಿಂದ.

ಬರುವ ವಾರದಿಂದ ಅಕ್ಕನ ಕೆಲಸ ಅಲ್ಲಿ. ಬೆಳಗಿನ ಹೊತ್ತಿನ ಭೇಟಿಗಳಷ್ಟೇ. ಮೊದಲ ಮನೆಯೂ ಗೊತ್ತಾಗಿದೆ, ಅದೇ ಬಸ್ಸಿನವರದು.

ಪಾಳಿ ಮುಗಿಯುವ ಹೊತ್ತು. ಹಸುಗೂಸುಗಳ ಐಸಿಯುನಲ್ಲಿ ಅಕ್ಕ ಮೆತ್ತನೆಯ ಸಣ್ಣ ಬಟ್ಟೆಗಳನ್ನು ಮಡಚಿಡುತ್ತಿದ್ದಾರೆ. ಉಸ್ತುವಾರಿ ಹುಡುಗಿಗೆ ತಡೆಯಲಾಗಲಿಲ್ಲ. "ಅಕ್ಕ, ಅಲ್ಲಿ ವಾಸಿಯಾಗಿ ಎದ್ದು ಓಡಾಡೋರು ಒಬ್ಬರೂ ಇರಲ್ಲ. ಅದನ್ನೇ ಯಾಕೆ ಆರಿಸ್ಕೊಂಡ್ರಿ?"

ಅಕ್ಕ ಕೈಯಲ್ಲಿದ್ದ ಬಟ್ಟೆಯ ಸುಕ್ಕು ತೀಡಿ ಮಡಚಿಡುತ್ತಾರೆ.

"ಮನೆಗೆ ಬಂದವರು ಹೊರಟಾಗ ನಾವು ಕೂತಲ್ಲಿಂದಲೇ ಹೋಗಿಬನ್ನಿ ಅನ್ನಲ್ಲ ಅಲ್ವಾ? ಎದ್ದು ಗೇಟಿನ ತನಕ ಹೋಗ್ತೀವಿ. ನನಗೆ ಇಷ್ಟು ವರ್ಷ ಅಷ್ಟು ಹೊತ್ತು ಸಿಕ್ಕಿರಲಿಲ್ಲ ಕಣಮ್ಮ. ಇನ್ಮೇಲೆ ಸಿಗುತ್ತೆ."